ಮಾಜ್ದಾ ಎಂಎಕ್ಸ್-5ಗೆ ಹಗುರ ಫ್ಲೈವೀಲ್: ಎಷ್ಟು ಹಗುರ, ಯಾವ ಕ್ಲಚ್ ಜೊತೆ?

ಕಾರು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಈ ಮಾಡೆಲ್ ಹೊರಗೆ ಬಂದಿದ್ದು 1989ರಲ್ಲಿ. 1.6 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರು, ಎರಡೇ ಸೀಟು, ಎಳೆಯೋದು ಹಿಂದಿನ ಚಕ್ರ, ತೂಕ ಒಂದು ಟನ್ನಿಗಿಂತ ಸ್ವಲ್ಪ ಕಮ್ಮಿ. ನಮ್ಮ ಭಾವ ಬ್ರಿಟನ್‌ನಿಂದ ವಾಪಸ್ ಬರುವಾಗ ಜೊತೆಗೇ ತಂದ ಗಾಡಿ ಇದು. ಅವರ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ಆಗಾಗ ಇದೇ ಕಾರಲ್ಲಿ ಕೆಲಸಕ್ಕೆ ಹೋಗುತ್ತಾರೆ, ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿಸುತ್ತಾರೆ. ಈ ಎರಡು ಓಡಾಟವನ್ನೂ ನೆನಪಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಕೊನೆಗೆ ಯಾವ ಸಾಮಾನು ಕೊಂಡೆವು ಅನ್ನೋದನ್ನ ತೀರ್ಮಾನಿಸಿದ್ದು ಇವೇ.

ತೊಂದರೆ ಶುರುವಾಗಿದ್ದು ಬೆಟ್ಟದ ಏರಿನಲ್ಲಿ. ಮೂರನೇ ಗೇರಿನಲ್ಲಿ ಜೋರಾಗಿ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತೆ, ಗಾಡಿ ಮಾತ್ರ ಅಷ್ಟೇ ವೇಗದಲ್ಲಿ ಇರುತ್ತೆ. ಜೊತೆಗೆ ಸುಟ್ಟ ವಾಸನೆ. ಕ್ಲಚ್ ಸ್ಲಿಪ್ ಆಗುತ್ತಿದೆ ಅಂತ ಯಾರು ಬೇಕಾದರೂ ಹೇಳಬಹುದು. ಬನ್ನಿಮಂಟಪದ ಹತ್ತಿರದ ಗ್ಯಾರೇಜಿಗೆ ಒಯ್ದಾಗ ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ, ಬೆಲ್ ಹೌಸಿಂಗ್ (ಕ್ಲಚ್ ಸುತ್ತ ಇರೋ ಲೋಹದ ಕವಚ) ಕೆಳಗೆ ಆಯಿಲ್ ಹನಿ ಇರೋದನ್ನ ಬೆರಳಲ್ಲಿ ಒರೆಸಿ ತೋರಿಸಿದರು. "ಹೆಂಗೂ ಗೇರ್‌ಬಾಕ್ಸ್ ಇಳಿಸ್ತೀವಿ ಸಾರ್, ಒಂದೇ ಸಲಕ್ಕೆ ಏನೇನು ಹಾಕ್ಬೇಕೋ ಹೇಳ್ಬಿಡಿ" ಅಂದರು.

ಭಾವನಿಗೆ ಬೇಕಾಗಿದ್ದೇ ಆ ಮಾತು. ಹಗುರ ಫ್ಲೈವೀಲ್ ಹಾಕಿಸಬೇಕು ಅಂತ ಅವರಿಗೆ ಮೊದಲಿಂದಲೂ ಆಸೆ. ಫ್ಲೈವೀಲ್ ಅಂದರೆ ಎಂಜಿನ್ ಹಿಂಭಾಗದಲ್ಲಿ ಬಿಗಿದಿರೋ ಭಾರದ ಚಕ್ರ, ಕ್ಲಚ್ ಹಿಡಿಯೋದು ಅದರ ಮುಖವನ್ನೇ. "ಅಲ್ಯುಮಿನಿಯಂದೇ ಹಾಕ್ಸೋಣ ಕಣಪ್ಪ, ಇರೋದ್ರಲ್ಲೇ ಹಗುರ ಅದು. ಕ್ಲಚ್ಚೂ ರೇಸಿಂದೇ ಇರ್ಲಿ" ಅಂದರು. ನಾನು ಮೆಕ್ಯಾನಿಕಲ್ ಓದಿದವನು, ಹಾಗಾಗಿ ಲೆಕ್ಕ ಹಾಕಿ ನೋಡೋ ಕೆಲಸ ನನ್ನ ಪಾಲಿಗೆ ಬಂತು.

ಫ್ಲೈವೀಲ್ ಯಾಕೆ ಭಾರ ಇರುತ್ತೆ

ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಅರ್ಧ ಸುತ್ತು ತಿರುಗುವುದಕ್ಕೆ ಒಂದು ಸಲ ಪವರ್ ಸಿಗುತ್ತೆ. ಮಧ್ಯದಲ್ಲಿ ಎಂಜಿನ್ ತನ್ನ ಗಾಳಿಯನ್ನೇ ತಾನು ಒತ್ತಿಕೊಂಡು ನಿಧಾನ ಆಗುತ್ತೆ. ರಾಗಿ ಬೀಸೋ ಕಲ್ಲು ಭಾರ ಇದ್ದರೆ ಒಂದು ತಳ್ಳಿಗೂ ಇನ್ನೊಂದು ತಳ್ಳಿಗೂ ನಡುವೆ ತಾನೇ ತಿರುಗುತ್ತೆ ಅಲ್ವಾ, ಫ್ಲೈವೀಲ್ ಮಾಡೋದೂ ಅದನ್ನೇ. ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗದಂತೆ ಹಿಡಿಯೋದು, ಗಾಡಿ ಹೊರಡುವಾಗ ಕೂಡಿಟ್ಟ ಶಕ್ತಿಯನ್ನು ಕ್ಲಚ್‌ಗೆ ಕೊಡೋದು, ಕ್ಲಚ್ ಉಜ್ಜಿದಾಗ ಹುಟ್ಟೋ ಬಿಸಿಯನ್ನ ತನ್ನೊಳಗೆ ತೆಗೆದುಕೊಳ್ಳೋದು, ಈ ಮೂರೂ ಅದರ ಕೆಲಸ. ಹಗುರ ಮಾಡಿದರೆ ಮೂರೂ ಸ್ವಲ್ಪ ಸ್ವಲ್ಪ ಕೆಡುತ್ತವೆ. ಅದಕ್ಕೆ ಬದಲಾಗಿ ಏನು ಸಿಗುತ್ತೆ ಅನ್ನೋದು ಪ್ರಶ್ನೆ.

ಪವರ್ ಜಾಸ್ತಿ ಆಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿರುವಾಗ ಫ್ಲೈವೀಲ್ ಭಾರ ಇದ್ದರೂ ಒಂದೇ, ಹಗುರ ಇದ್ದರೂ ಒಂದೇ. ರೋಲರ್ ತಿರುಗಿಸಿ, ಅದರ ವೇಗ ಏರಿದ್ದನ್ನು ನೋಡಿ ಪವರ್ ಅಳೆಯೋ ಡೈನೊ ಇದೆಯಲ್ಲ, ಅದರಲ್ಲಿ ಅಂಕಿ ಸ್ವಲ್ಪ ಜಾಸ್ತಿ ಕಾಣಿಸುತ್ತೆ. ಯಾಕೆಂದರೆ ಎಂಜಿನ್ ತನ್ನನ್ನೇ ತಾನು ವೇಗಕ್ಕೆ ತರಲು ಕಮ್ಮಿ ಖರ್ಚು ಮಾಡುತ್ತೆ. ಲಾಭ ಇರೋದು ವೇಗ ಬದಲಾಗುವಾಗ ಮಾತ್ರ.

ಆ ಲಾಭ ಎಷ್ಟು ಅನ್ನೋದಕ್ಕೆ ಒಂದು ಒಳ್ಳೆಯ ಲೆಕ್ಕ ಇದೆ. ಫ್ಲೈವೀಲ್‌ನ ಇನರ್ಷಿಯಾ (ತಿರುಗುವ ವೇಗ ಬದಲಾಗೋದನ್ನ ತಡೆಯೋ ಗುಣ) ಎಷ್ಟು ಕಮ್ಮಿ ಆಯಿತೋ ಅದನ್ನ ಗೇರ್ ಅನುಪಾತ ಮತ್ತು ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರು) ಅನುಪಾತದ ಗುಣಲಬ್ಧದ ವರ್ಗದಿಂದ ಗುಣಿಸಿ, ಟೈರ್ ತ್ರಿಜ್ಯದ ವರ್ಗದಿಂದ ಭಾಗಿಸಿ. ಬರೋ ಉತ್ತರ ಕೆಜಿಯಲ್ಲಿ ಇರುತ್ತೆ. ಅಂದರೆ ವೇಗ ಏರಿಸುವಾಗ ಕಾರಿನಿಂದ ಅಷ್ಟು ಕೆಜಿ ಇಳಿಸಿದ ಹಾಗೆ.

ಈ ಕಾರಿನಲ್ಲಿ ಮೊದಲ ಗೇರು 3.136, ಎರಡನೆಯದು 1.888, ಮೂರನೆಯದು 1.330, ನಾಲ್ಕು ನೇರ 1, ಐದು 0.814. ಡಿಫರೆನ್ಷಿಯಲ್ 4.3. ಟೈರು ಉರುಳುವ ತ್ರಿಜ್ಯ ಸುಮಾರು 28 ಸೆಂಮೀ. ಕಂಪನಿ ಫ್ಲೈವೀಲ್ 8 ಕೆಜಿ ಆಸುಪಾಸು, ಹಗುರ ಸ್ಟೀಲಿನದು ಸುಮಾರು ಐದೂವರೆ. ತೂಕ ಇಳಿಸಿರೋದು ಹೆಚ್ಚಾಗಿ ಅಂಚಿನಿಂದ, ಹಾಗಾಗಿ ಇನರ್ಷಿಯಾ ವ್ಯತ್ಯಾಸ 0.035 ಕೆಜಿ-ಚದರ ಮೀಟರ್ ಅಂತ ಅಂದಾಜು ಇಟ್ಟುಕೊಂಡೆ. ಉತ್ತರ ಹೀಗೆ ಬಂತು: ಮೊದಲ ಗೇರಿನಲ್ಲಿ ಸುಮಾರು 80 ಕೆಜಿ, ಎರಡರಲ್ಲಿ 30ರ ಹತ್ತಿರ, ಮೂರರಲ್ಲಿ 15, ನಾಲ್ಕರಲ್ಲಿ 8, ಐದರಲ್ಲಿ ಐದೂವರೆ.

ಈ ಅಂಕಿಗಳನ್ನು ಭಾವನ ಮುಂದೆ ಇಟ್ಟಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಮಂಡ್ಯದಿಂದ ಮೈಸೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವಾಗ ಐದನೇ ಗೇರು ಬಿಟ್ಟು ಕೆಳಗೆ ಇಳಿಯೋದೇ ಇಲ್ಲ. ಅಲ್ಲಿ ಸಿಗೋ ಲಾಭ ಏಳೆಂಟು ಲೀಟರ್ ಪೆಟ್ರೋಲ್ ಕಮ್ಮಿ ತುಂಬಿಸಿದಷ್ಟು. ಬೆಟ್ಟದ ತಿರುವುಗಳಲ್ಲಿ ಎರಡು-ಮೂರನೇ ಗೇರು, ಅಲ್ಲಿ ಲಾಭ ಗೊತ್ತಾಗುತ್ತೆ. ಮೊದಲ ಗೇರಿನ 80 ಕೆಜಿ ಓದೋಕೆ ಚೆನ್ನಾಗಿದೆ, ಆದರೆ ಮೊದಲ ಗೇರಿನಲ್ಲಿ ನಾವು ಇರೋದು ಎರಡು ಮೂರು ಸೆಕೆಂಡು ಅಷ್ಟೆ, ಮತ್ತೆ ಗಾಡಿ ನಿಂತಲ್ಲಿಂದ ಹೊರಡುವಾಗ ಹಗುರ ಫ್ಲೈವೀಲ್ ಅದೇ ಗೇರಿನಲ್ಲೇ ಕಷ್ಟ ಕೊಡೋದು.

ಕೆಜಿ ಲೆಕ್ಕಕ್ಕೆ ಸಿಗದ ಇನ್ನೊಂದು ಲಾಭ ಇದೆ, ನನಗೆ ಅದೇ ಮುಖ್ಯ ಅನ್ನಿಸಿತು. ಕ್ಲಚ್ ಒತ್ತಿದಾಗ ಎಂಜಿನ್ ಒಂಟಿಯಾಗಿ ತಿರುಗುತ್ತೆ. ಆಗ ಕ್ರ್ಯಾಂಕು, ಫ್ಲೈವೀಲು, ಪ್ರೆಶರ್ ಪ್ಲೇಟು (ಕ್ಲಚ್ ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡಿಯೋ ಭಾಗ) ಇಷ್ಟೇ ತಿರುಗೋ ಭಾರ. ಅದರಲ್ಲಿ ಹೆಚ್ಚು ಪಾಲು ಫ್ಲೈವೀಲಿನದೇ. ನನ್ನ ಅಂದಾಜಿನಲ್ಲಿ ಒಟ್ಟು ಇನರ್ಷಿಯಾ ಕಾಲು ಭಾಗದಷ್ಟು ಇಳಿಯುತ್ತೆ. ಗೇರ್ ಇಳಿಸುವಾಗ ಆಕ್ಸಿಲರೇಟರ್ ಒಂದು ಸಲ ತಟ್ಟಿದರೆ ಆರ್‌ಪಿಎಂ ತಟ್ಟನೆ ಏರುತ್ತೆ, ಏರಿಸುವಾಗ ತಟ್ಟನೆ ಇಳಿಯುತ್ತೆ. ಬೆಟ್ಟದ ತಿರುವಿಗೆ ಬ್ರೇಕ್ ಹಾಕುತ್ತಾ ಮೂರರಿಂದ ಎರಡಕ್ಕೆ ಬರುವಾಗ ಇದರಿಂದ ಸಿಗೋ ಖುಷಿ ಬೇರೆಯೇ. ಭಾವನಿಗೆ ಬೇಕಾಗಿದ್ದು ನಿಜವಾಗಿ ಇದು, ಸೆಕೆಂಡುಗಳ ಲೆಕ್ಕ ಅಲ್ಲ.

ಲೇತ್ ಹಾಕಿಸೋ ಮಾತು

ಮೈಸೂರಿನಲ್ಲಿ ಎಂಜಿನ್ ಕೆಲಸದ ವಿಷಯ ಎತ್ತಿದರೆ ಲೇತ್ ವಿಷಯ ಬಂದೇ ಬರುತ್ತೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರವರೆಗೆ ನಡೆದ ಊರು ಇದು. ಒಳ್ಳೆಯ ಟರ್ನರ್‌ಗಳು ಇವತ್ತಿಗೂ ಇದ್ದಾರೆ. ಮೇಸ್ತ್ರಿಗೆ ಗೊತ್ತಿದ್ದ ಒಬ್ಬರು "ಇದೇ ಫ್ಲೈವೀಲ್ ಕೊಡಿ ಸಾರ್, ಹಿಂದ್ಗಡೆಯಿಂದ ಮೂರು ಕೆಜಿ ತೆಗ್ದುಕೊಡ್ತೀನಿ, ಸುಮ್ನೆ ಫಾರಿನ್‌ದು ಯಾಕೆ ತರಿಸ್ತೀರ" ಅಂದರು. ಅವರ ಕೈಕೆಲಸದ ಮೇಲೆ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ಆದರೂ ಬೇಡ ಅಂದೆ. ಕಾರಣ ಹೇಳುತ್ತೇನೆ, ಇದನ್ನ ಎಲ್ಲರೂ ಗಮನಿಸಬೇಕು.

ಕಂಪನಿ ಫ್ಲೈವೀಲ್ ಎರಕದ ಕಬ್ಬಿಣ. ಎರಕದ ಕಬ್ಬಿಣ ಒತ್ತಿದರೆ ತಡೆಯುತ್ತೆ, ಎಳೆದರೆ ಬಿರುಕು ಬಿಡುತ್ತೆ. ತಿರುಗುವ ಚಕ್ರದಲ್ಲಿ ಇರೋದೆಲ್ಲಾ ಎಳೆತವೇ. ಈ ಎಂಜಿನ್‌ನ ರೆಡ್‌ಲೈನ್, ಅಂದರೆ ದಾಟಬಾರದ ವೇಗ, 7,000 ಆರ್‌ಪಿಎಂ. ಆ ವೇಗದಲ್ಲಿ ಫ್ಲೈವೀಲ್‌ನ ಅಂಚು ಸೆಕೆಂಡಿಗೆ ಸುಮಾರು 100 ಮೀಟರ್ ಓಡುತ್ತಿರುತ್ತೆ, ಅಂದರೆ ಗಂಟೆಗೆ 360 ಕಿಮೀ. ಆರ್‌ಪಿಎಂ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತೆ. ಅಂಚಿನಿಂದ ಮಾತ್ರ ತೆಗೆದರೆ ಎಳೆತವೂ ಕಮ್ಮಿ ಆಗುತ್ತೆ ನಿಜ. ಆದರೆ ಮೂರು ಕೆಜಿ ತೆಗೀಬೇಕು ಅಂದರೆ ನಡುವಿನ ತಟ್ಟೆಯನ್ನೂ ತೆಳ್ಳಗೆ ಮಾಡಲೇಬೇಕು, ಅಲ್ಲಿ ಮೊದಲೇ ಬಿಸಿಗೆ ಕೂದಲೆಳೆ ಬಿರುಕುಗಳು ಬಂದಿರುತ್ತವೆ. ಒಡೆದರೆ ಚೂರುಗಳು ಬೆಲ್ ಹೌಸಿಂಗ್ ಸೀಳಿಕೊಂಡು ಬರೋದು ಡ್ರೈವರ್ ಕಾಲಿನ ಕಡೆಗೆ. ರೇಸ್ ಕಾರುಗಳಿಗೆ ಎಸ್‌ಎಫ್‌ಐ 1.1 ಅಂತ ಫ್ಲೈವೀಲ್ ಮತ್ತು ಕ್ಲಚ್‌ಗೇ ಬೇರೆ ಪ್ರಮಾಣಪತ್ರ ಇರೋದು ಇದಕ್ಕೇ. ಮುಖ ಸಮ ಮಾಡಿಸೋಕೆ, ಅಂದರೆ ಕ್ಲಚ್ ಪ್ಲೇಟ್ ಕೂರೋ ಜಾಗವನ್ನ ಸ್ವಲ್ಪ ಸ್ಕಿಮ್ ಮಾಡಿಸೋಕೆ ಲೇತ್ ಸರಿ. ತೂಕ ಇಳಿಸೋಕೆ ಬೇಡ.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಆ ಹಳೇ ಫ್ಲೈವೀಲ್ ನೋಡಿದಾಗ ನನ್ನ ಮಾತು ಭಾವನಿಗೂ ಒಪ್ಪಿಗೆ ಆಯಿತು. ಮುಖದ ಮೇಲೆ ಅಲ್ಲಲ್ಲಿ ಉಗುರಿನಗಲ ನೀಲಿ ಕಲೆ. ಬಿಸಿಗೆ ಕಬ್ಬಿಣ ಗಟ್ಟಿಯಾದ ಜಾಗ ಅವು. ಕೆಲವು ಕಲೆಗಳ ನಡುವಿನಿಂದ ಹೊರಗಡೆಗೆ ಸಣ್ಣ ಗೀರುಗಳು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತವೆ. ಕ್ಲಚ್ ಪ್ಲೇಟ್ ಒಂದು ಕಡೆ ಆಯಿಲ್ ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು, ಇನ್ನೊಂದು ಕಡೆ ರಿವೆಟ್ ತಲೆ ಮುಟ್ಟೋಕೆ ಸ್ವಲ್ಪವೇ ಬಾಕಿ.

ಆಯಿಲ್ ಎಲ್ಲಿಂದ ಅನ್ನೋದೂ ಆಗಲೇ ಗೊತ್ತಾಗಿದ್ದು. ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಅಂತ ನಾವೆಲ್ಲಾ ಅಂದುಕೊಂಡಿದ್ದೆವು, ಸೀಲ್ ಸುತ್ತ ಒಣಗಿತ್ತು. ಈ ಎಂಜಿನ್‌ನಲ್ಲಿ ಫ್ಲೈವೀಲ್ ಬೋಲ್ಟ್‌ಗಳ ತೂತು ಒಳಗಿನ ಆಯಿಲ್‌ವರೆಗೂ ಹೋಗುತ್ತೆ. ಬೋಲ್ಟ್ ಎಳೆಗೆ ಸೀಲೆಂಟ್ ಹಚ್ಚದೆ ಬಿಗಿದರೆ ಅಲ್ಲಿಂದಲೇ ಜಿನುಗುತ್ತೆ. ಹಿಂದೆ ಯಾವಾಗಲೋ ಯಾರೋ ಕ್ಲಚ್ ಬದಲಿಸುವಾಗ ಅದನ್ನ ಬಿಟ್ಟಿದ್ದರು. ಸೀಲ್ ಹೇಗೂ ಹೊಸದು ಹಾಕಿದೆವು, ಅಷ್ಟು ಬಿಚ್ಚಿದ ಮೇಲೆ ಹಳೇದನ್ನ ಬಿಡೋದು ಸರಿಯಲ್ಲ.

ಅಲ್ಯುಮಿನಿಯಂ ಬೇಡ ಅಂದಿದ್ದು ಯಾಕೆ

ಅಲ್ಯುಮಿನಿಯಂ ಫ್ಲೈವೀಲ್ ಸುಮಾರು 4 ಕೆಜಿಗೇ ಸಿಗುತ್ತೆ. ಬಿಸಿ ತಡೆಯಲ್ಲ ಅಂತ ಅದನ್ನ ಬೈಯುವವರು ಜಾಸ್ತಿ. ಪೂರ್ತಿ ನಿಜ ಅಲ್ಲ. ಒಂದು ಕೆಜಿ ಅಲ್ಯುಮಿನಿಯಂ ಒಂದು ಕೆಜಿ ಕಬ್ಬಿಣಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಬಿಸಿ ಹಿಡಿಯುತ್ತೆ, ಹಾಗಾಗಿ 4 ಕೆಜಿಯದು ಒಟ್ಟಾರೆ 8 ಕೆಜಿ ಕಬ್ಬಿಣದಷ್ಟೇ ಹಿಡಿಯಬಲ್ಲದು. ತೊಂದರೆ ಇರೋದು ಬೇರೆ ಕಡೆ. ಅಲ್ಯುಮಿನಿಯಂ ಮೇಲೆ ಕ್ಲಚ್ ನೇರವಾಗಿ ಉಜ್ಜೋಕೆ ಆಗುವುದಿಲ್ಲ, ಮೆತ್ತಗಿನ ಲೋಹ. ಅದಕ್ಕೆ ತೆಳುವಾದ ಸ್ಟೀಲ್ ತಟ್ಟೆ ಕೂರಿಸಿರುತ್ತಾರೆ. ಟ್ರಾಫಿಕ್‌ನಲ್ಲಿ ಮೇಲಿಂದ ಮೇಲೆ ಹಾಫ್ ಕ್ಲಚ್ ಮಾಡಿದರೆ ಬಿಸಿ ಮೊದಲು ಆ ತೆಳು ತಟ್ಟೆಯಲ್ಲೇ ನಿಲ್ಲುತ್ತೆ, ಜೋಡಣೆ ದಾಟಿ ಒಳಗೆ ಹೋಗೋಕೆ ಹೊತ್ತು ಬೇಕು. ಜೊತೆಗೆ ಬಿಸಿಗೆ ಅಲ್ಯುಮಿನಿಯಂ ಸ್ಟೀಲಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ. ರೇಸ್ ಟ್ರ್ಯಾಕ್‌ನಲ್ಲಿ ಒಂದು ಸಲ ಹೊರಟರೆ ಮುಗೀತು, ಅಲ್ಲಿ ಇದು ತೊಂದರೆಯೇ ಅಲ್ಲ. ದಸರಾ ಸಮಯದಲ್ಲಿ ಸಯ್ಯಾಜಿ ರಾವ್ ರಸ್ತೆಯ ಕಡೆ ಸಿಕ್ಕಿಕೊಂಡರೆ ಆಗ ಗೊತ್ತಾಗುತ್ತೆ. ಕಬ್ಬು ಕಟಾವಿನ ಕಾಲದಲ್ಲಿ ಮಂಡ್ಯದೊಳಗೂ ಅಷ್ಟೇ. ಎರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಇದ್ದರೆ ಸರ್ವಿಸ್ ರಸ್ತೆಯಲ್ಲಿ ನಡೆದುಕೊಂಡು ಹೋಗೋ ವೇಗ, ಮೊದಲ ಗೇರಿಗೂ ಅದು ಕಮ್ಮಿ.

ಹಾಗಾಗಿ ಮಧ್ಯದ ದಾರಿ: ಗಟ್ಟಿ ಸ್ಟೀಲ್ ತುಂಡಿನಿಂದಲೇ ಕಡೆದ ಫ್ಲೈವೀಲ್, ತೂಕ ಐದೂವರೆ ಕೆಜಿಯ ಹತ್ತಿರ. ಇದು ಹಳೆಯದಕ್ಕಿಂತ ಬೇಗ ಬಿಸಿ ಆಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಅದಕ್ಕೆ ಕ್ಲಚ್ ಕಡೆಯಿಂದ ಸಹಾಯ ಮಾಡಬೇಕಾಯಿತು.

ಕ್ಲಚ್ ಆಯ್ಕೆ

1.6 ಕಾರಿಗೆ ಕಂಪನಿ ಕೊಟ್ಟಿರೋದು 200 ಮಿಮೀ ಕ್ಲಚ್. ಆಮೇಲೆ ಬಂದ 1.8 ಎಂಜಿನ್‌ಗೆ 215 ಮಿಮೀ. ಎರಡೂ ಎಂಜಿನ್‌ಗೆ ಕ್ರ್ಯಾಂಕ್ ಹಿಂದಿನ ಬೋಲ್ಟ್ ಜಾಗ ಒಂದೇ, ಗೇರ್‌ಬಾಕ್ಸ್ ಶಾಫ್ಟಿನ ಹಲ್ಲೂ ಹೊಂದುತ್ತೆ. ಆದ್ದರಿಂದ 1.8ರ ಅಳತೆಯ ಫ್ಲೈವೀಲ್ ಮತ್ತು ಕ್ಲಚ್ ಸೆಟ್ ಜೊತೆಯಾಗಿ 1.6ಗೆ ಕೂರುತ್ತೆ. ಒಂದನ್ನ 200ರದು, ಇನ್ನೊಂದನ್ನ 215ರದು ತಂದರೆ ಆಗುವುದಿಲ್ಲ, ಪ್ರೆಶರ್ ಪ್ಲೇಟ್ ಬೋಲ್ಟ್ ತೂತುಗಳೇ ಬೇರೆ. ಫ್ಲೈವೀಲ್ ಮೊದಲು ಕೊಂಡು ಕ್ಲಚ್ ಆಮೇಲೆ ನೋಡೋಣ ಅನ್ನೋರು ಇಲ್ಲೇ ಸಿಕ್ಕಿಬೀಳೋದು.

ನಾವು 215 ಆರಿಸಿದೆವು. ಉಜ್ಜುವ ಜಾಗ ಸುಮಾರು 15% ಜಾಸ್ತಿ, ಬಿಸಿ ಅಷ್ಟು ಅಗಲಕ್ಕೆ ಹರಡುತ್ತೆ. ಮುಂದೆ ಸಾಮಾನು ಹುಡುಕುವಾಗಲೂ ಈ ಅಳತೆಯದೇ ಸುಲಭ, ಬಹಳ ವರ್ಷ ನಡೆದ ಅಳತೆ ಅದು.

ರೇಸಿಂಗ್ ಕ್ಲಚ್ ವಿಷಯದಲ್ಲಿ ಭಾವನ ಜೊತೆ ಸ್ವಲ್ಪ ಜಗ್ಗಾಟ ಆಯಿತು. ಅವರು ನೋಡಿಟ್ಟಿದ್ದು ಆರು ಬಿಲ್ಲೆಯ ಸೆರಾಮಿಕ್ ಪ್ಲೇಟು, ಜೊತೆಗೆ ಗಟ್ಟಿ ಪ್ರೆಶರ್ ಪ್ಲೇಟು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಭಾವ, ಎಂಜಿನ್ ಟಾರ್ಕ್ ಜಾಸ್ತಿ ಮಾಡಿಸ್ತೀರಾ?" ಇಲ್ಲ. ಈ ಎಂಜಿನ್ ಕೊಡೋದು 135 ನ್ಯೂಟನ್ ಮೀಟರ್. ಕಂಪನಿ ಕ್ಲಚ್‌ಗೆ ಅದಕ್ಕಿಂತ ಸಾಕಷ್ಟು ಜಾಸ್ತಿ ಹಿಡಿಯೋ ಶಕ್ತಿ ಇಟ್ಟೇ ಮಾಡಿರುತ್ತಾರೆ. 215ರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಹಳೇ ಕ್ಲಚ್ ಜಾರಿದ್ದು ಆಯಿಲ್‌ಗೆ ಮತ್ತು ಸವೆತಕ್ಕೆ, ಶಕ್ತಿ ಸಾಲದೆ ಅಲ್ಲ. ಸೆರಾಮಿಕ್ ಬಿಲ್ಲೆ ಹಿಡಿಯೋದು ಒಂದೇ ಏಟಿಗೆ. ಹಗುರ ಫ್ಲೈವೀಲ್‌ನಲ್ಲಿ ಹೊರಡುವಾಗ ಕೂಡಿಟ್ಟ ಶಕ್ತಿ ಮೊದಲೇ ಕಮ್ಮಿ. ಎರಡೂ ಸೇರಿದರೆ ಪ್ರತಿ ಸಿಗ್ನಲ್‌ನಲ್ಲೂ ಒಂದೋ ಗಾಡಿ ಎಗರುತ್ತೆ, ಇಲ್ಲಾ ಎಂಜಿನ್ ಆಫ್. ಗಟ್ಟಿ ಪ್ರೆಶರ್ ಪ್ಲೇಟ್‌ಗೆ ಇನ್ನೊಂದು ಖರ್ಚಿದೆ. ಪೆಡಲ್ ಒತ್ತಿದಾಗಲೆಲ್ಲಾ ಆ ಬಲ ಕ್ರ್ಯಾಂಕನ್ನ ಮುಂದಕ್ಕೆ ತಳ್ಳುತ್ತೆ, ತಡೆಯೋದು ಎಂಜಿನ್ ಒಳಗಿನ ಥ್ರಸ್ಟ್ ಬೇರಿಂಗ್. ಮೂವತ್ತು ವರ್ಷ ದಾಟಿದ ಎಂಜಿನ್‌ಗೆ ಯಾಕೆ ಆ ಹೊರೆ? ಈ ಕಾರಿನ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದ ಬಲವನ್ನ ಆಯಿಲ್ ಒತ್ತಡದಿಂದ ಕ್ಲಚ್‌ಗೆ ಮುಟ್ಟಿಸೋದು) ಮೊದಲೇ ಸೋರೋ ಜಾತಿಯದು, ಅದಕ್ಕೂ ಜಾಸ್ತಿ ಒತ್ತಡ.

ಹಾಗಾಗಿ ಆರ್ಗ್ಯಾನಿಕ್ ಲೈನಿಂಗ್ ಪ್ಲೇಟು, ನಡುವೆ ಸ್ಪ್ರಿಂಗ್ ಇರೋದು, ಕಂಪನಿ ಮಟ್ಟದ ಪ್ರೆಶರ್ ಪ್ಲೇಟು. ನಡುವಿನ ಸ್ಪ್ರಿಂಗ್ ಬಿಡಲೇಬಾರದು. ಫ್ಲೈವೀಲ್ ಹಗುರ ಆದಾಗ ಎಂಜಿನ್‌ನ ಏಟುಗಳು ಗೇರ್‌ಬಾಕ್ಸಿಗೆ ಜಾಸ್ತಿ ತಲುಪುತ್ತವೆ, ಆ ಸ್ಪ್ರಿಂಗ್‌ಗಳು ಅವನ್ನ ಸ್ವಲ್ಪ ನುಂಗುತ್ತವೆ.

ಇನ್ನೊಂದು ಮಾತು. ಹಗುರ ಫ್ಲೈವೀಲ್ ಹಾಕಿದರೆ ಸಿಂಕ್ರೊಗಳಿಗೆ (ಗೇರ್ ಬದಲಿಸುವಾಗ ಗೇರುಗಳ ವೇಗ ಹೊಂದಿಸೋ ಉಂಗುರಗಳು) ಆರಾಮ ಅಂತ ಕೆಲವರು ಹೇಳುತ್ತಾರೆ. ಕ್ಲಚ್ ಒತ್ತಿದಾಗ ಫ್ಲೈವೀಲ್ ಗೇರ್‌ಬಾಕ್ಸಿಂದ ಬೇರೆ ಆಗಿರುತ್ತೆ, ಸಿಂಕ್ರೊ ನಿಲ್ಲಿಸಬೇಕಾದ್ದು ಕ್ಲಚ್ ಪ್ಲೇಟನ್ನ ಮತ್ತು ಒಳಗಿನ ಶಾಫ್ಟನ್ನ ಮಾತ್ರ. ಪ್ಲೇಟ್ ಹಗುರ ಇದ್ದರೆ ಸಿಂಕ್ರೊಗೆ ಲಾಭ, ಫ್ಲೈವೀಲ್‌ನಿಂದ ಏನೂ ಇಲ್ಲ. ದೊಡ್ಡ ಪ್ಲೇಟ್ ಆರಿಸಿದ್ದರಿಂದ ನಾವು ಅಲ್ಲಿ ಕೂದಲಷ್ಟು ಕಳಕೊಂಡೆವು ಕೂಡ.

ಜೋಡಿಸಿದ್ದು

ಹೊಸ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ಎರಡನ್ನೂ ಒಟ್ಟಿಗೆ ಬಿಗಿದು ಬ್ಯಾಲೆನ್ಸ್ ನೋಡಿಸಿ, ಒಂದಕ್ಕೊಂದು ಗುರುತು ಹಾಕಿಸಿಕೊಂಡೆವು. ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯೋ ಪೈಲಟ್ ಬೇರಿಂಗ್ ಈ ಕಾರಿನಲ್ಲಿ ಫ್ಲೈವೀಲ್ ನಡುವೆಯೇ ಕೂರೋದು, ಹೊಸದು ಒತ್ತಿಸಿದೆವು. ಮುಖಕ್ಕೆ ತುಕ್ಕು ಹಿಡಿಯದಿರಲಿ ಅಂತ ಹಚ್ಚಿರೋ ಎಣ್ಣೆಯನ್ನ ಬ್ರೇಕ್ ಕ್ಲೀನರ್‌ನಲ್ಲಿ ಪೂರ್ತಿ ತೊಳೆದೆವು. ಆರು ಬೋಲ್ಟ್‌ಗೂ ಸೀಲೆಂಟ್ ಹಚ್ಚಿ, ಎದುರುಬದುರಾಗಿ 96ರಿಂದ 103 ನ್ಯೂಟನ್ ಮೀಟರ್. ಪ್ರೆಶರ್ ಪ್ಲೇಟ್ ಬೋಲ್ಟ್‌ಗಳು 18ರಿಂದ 26. ಮೇಸ್ತ್ರಿ ಟಾರ್ಕ್ ರೆಂಚ್ ಇಲ್ಲದೆ ಮುಟ್ಟಲೇ ಇಲ್ಲ, ಅದು ನನಗೆ ತುಂಬಾ ಹಿಡಿಸಿತು. ಶಾಫ್ಟಿನ ಹಲ್ಲಿಗೆ ಗ್ರೀಸ್ ಸವರಿ, ಮತ್ತೆ ಬಟ್ಟೆಯಲ್ಲಿ ಒರೆಸಿಬಿಟ್ಟರು. "ಜಾಸ್ತಿ ಆದ್ರೆ ಪ್ಲೇಟ್‌ಗೆ ಎಗರುತ್ತೆ" ಅಂತ.

ಈ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದ ಅಲ್ಯುಮಿನಿಯಂ ಫ್ರೇಮ್ ಇದೆ. ಅದನ್ನ ಬಿಚ್ಚುವ ಮುಂಚೆ ಗುರುತು ಹಾಕಿಕೊಳ್ಳಬೇಕು, ವಾಪಸ್ ಹಾಕುವಾಗ ಗೇರ್‌ಬಾಕ್ಸ್ ಎತ್ತರ ಸರಿ ಮಾಡಬೇಕು. ಇಲ್ಲದಿದ್ದರೆ ಓಡುವಾಗ ನಡುಕ ಬರುತ್ತೆ, ಜನ ತಪ್ಪು ಹೊರಿಸೋದು ಹೊಸ ಫ್ಲೈವೀಲ್ ಮೇಲೆ. ಸ್ಲೇವ್ ಸಿಲಿಂಡರ್, ರಿಲೀಸ್ ಬೇರಿಂಗ್, ಗೇರ್ ಲಿವರ್ ಕೆಳಗಿನ ಹರಿದ ರಬ್ಬರ್ ಬೂಟು ಎಲ್ಲಾ ಅದೇ ಸಲ ಹೊಸದು.

ಓಡಿಸಿದ ಮೇಲೆ

ಮೊದಲ 800 ಕಿಮೀ ಊರೊಳಗೆ ನಿಧಾನವಾಗಿ, ಆರ್ಗ್ಯಾನಿಕ್ ಲೈನಿಂಗ್ ಕೂರಬೇಕಲ್ಲ. ಶುರುವಿನಲ್ಲಿ ಭಾವ ಸಿಗ್ನಲ್‌ಗಳಲ್ಲಿ ಆಫ್ ಮಾಡಿಕೊಳ್ಳುತ್ತಿದ್ದರು. ಮುಂಚೆ ಐಡ್ಲಿಂಗ್‌ನಿಂದಲೇ ಕ್ಲಚ್ ಬಿಟ್ಟು ಹೊರಡೋ ಅಭ್ಯಾಸ, ಈಗ ಆಕ್ಸಿಲರೇಟರ್ ಸ್ವಲ್ಪ ಮೊದಲೇ ಕೊಡಬೇಕು. ಕಾಲಿಗೆ ಬೇಗ ಬಂತು.

ಎಸಿ ಹಾಕಿಕೊಂಡು ನಿಲ್ಲುವಾಗ ಮಾತ್ರ ಆರ್‌ಪಿಎಂ ಥಟ್ಟನೆ ಬಿದ್ದು ಎಂಜಿನ್ ನಡುಗುತ್ತಿತ್ತು. ಈ ಕಾರಿನ ಐಡಲ್ 850ಕ್ಕೆ ಇರಬೇಕು. ನೋಡಿದರೆ ಅದು ಮೊದಲೇ ಕೆಳಗಿತ್ತು, ಭಾರದ ಫ್ಲೈವೀಲ್ ಅದನ್ನ ಮುಚ್ಚಿಟ್ಟಿತ್ತು. ಬಾನೆಟ್ ಒಳಗಿನ ಡಯಾಗ್ನೊಸ್ಟಿಕ್ ಡಬ್ಬಿಯಲ್ಲಿ ಎರಡು ಪಿನ್ ವೈರಿನಿಂದ ಸೇರಿಸಿ, ಥ್ರಾಟಲ್ ಬಾಡಿ ಮೇಲಿನ ಗಾಳಿ ಸ್ಕ್ರೂ ತಿರುಗಿಸಿ ಸರಿ ಮಾಡಿದರು. ಇಗ್ನಿಷನ್ ಟೈಮಿಂಗ್ 10 ಡಿಗ್ರಿಗೆ ಇದೆಯಾ ಅಂತಲೂ ಆಗಲೇ ನೋಡಿದ್ದು. ಆಮೇಲೆ ಆ ತೊಂದರೆ ಇಲ್ಲ.

ನ್ಯೂಟ್ರಲ್‌ನಲ್ಲಿ ನಿಂತಾಗ ಗೇರ್‌ಬಾಕ್ಸಿಂದ ಸಣ್ಣ ಕಟಕಟ ಸದ್ದು ಬರುತ್ತೆ, ಕ್ಲಚ್ ಒತ್ತಿದರೆ ನಿಲ್ಲುತ್ತೆ. ಅದು ಹಾಗೇ ಇರುತ್ತೆ, ಹಗುರ ಫ್ಲೈವೀಲ್ ಅಂದರೆ ಅದೂ ಸೇರಿಯೇ ಬರೋದು. ಗೇರ್ ಏರಿಸುವಾಗ ನಿಧಾನ ಮಾಡಿದರೆ ಆರ್‌ಪಿಎಂ ಕೆಳಗೆ ಬಿದ್ದುಹೋಗಿ ಒಂದು ಜಗ್ಗು ಬರುತ್ತೆ, ಹಾಗಾಗಿ ಕೈ ಚುರುಕಾಗಬೇಕು. ಬೆಟ್ಟ ಇಳಿಯುವಾಗ ಎಂಜಿನ್ ಬ್ರೇಕಿಂಗ್ ಜಾಸ್ತಿ ಆಗಿದೆ ಅಂತ ಭಾವ ಹೇಳುತ್ತಾರೆ. ಒಂದೇ ವೇಗದಲ್ಲಿ ಇಳಿಯುವಾಗ ಫ್ಲೈವೀಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಕಾಲು ತೆಗೆದ ತಕ್ಷಣ ಆರ್‌ಪಿಎಂ ಬೇಗ ಇಳಿಯೋದು ಅವರಿಗೆ ಹಾಗೆ ಅನ್ನಿಸುತ್ತಿರಬೇಕು.

ಏರಿನಲ್ಲಿ ನಾನೂ ಪಕ್ಕದಲ್ಲಿ ಕೂತಿದ್ದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಎಂಜಿನ್ ಕಾಲಿನ ಜೊತೆಗೇ ಬರುತ್ತೆ, ಮುಂಚೆ ಇದ್ದ ಆ ಅರೆಗಳಿಗೆಯ ತಡ ಇಲ್ಲ. ಟ್ರ್ಯಾಕ್ಟರ್ ಹಿಂದೆ ತೆವಳುವಾಗ ಕ್ಲಚ್ ವಾಸನೆಯೂ ಬಂದಿಲ್ಲ. ಈಗ ಭಾವ ಟರ್ಬೊ ಬಗ್ಗೆ ವಿಚಾರಿಸೋಕೆ ಶುರು ಮಾಡಿದ್ದಾರೆ. ಅದು ಆದರೆ ಫ್ಲೈವೀಲ್ ಇದೇ ಇರಬಹುದು, ಪ್ರೆಶರ್ ಪ್ಲೇಟ್ ಮಾತ್ರ ಇನ್ನೊಂದು ಸಲ ಲೆಕ್ಕ ಹಾಕಬೇಕು. ಥ್ರಸ್ಟ್ ಬೇರಿಂಗ್ ಎಷ್ಟು ಸವೆದಿದೆ ಅಂತ ಅಳೆದ ಮೇಲೇ ಆ ಮಾತು.